ಬಾವಿಗಿಳಿಸಿದ ಕಂದೀಲು

ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೇಸಿಗೆಯೆಂದರೆ ಬೆಂಕಿಯ ಭಯ. ಐವತ್ತರ ದಶಕದ ಒಂದು ಮೇ ತಿಂಗಳಲ್ಲಿ ಗಂಡಸರೆಲ್ಲ ಸೇರಿ ಬೆಂಕಿ ಆರಿಸುವ ತಂಡ ಕಟ್ಟಿಕೊಂಡರು. ನೀರು ಬೇಕಲ್ಲ, ವರ್ಷಗಳಿಂದ ಮುಚ್ಚಿದ್ದ ಬಾವಿಯ ಹೂಳೆತ್ತಲು ಅಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತರು.

"ಥಾಂಬಾ, ಥಾಂಬಾ!" ಎಂದು ತಡೆಯುತ್ತ ಓಡಿಬಂದ ಪಕ್ಕದ ಮನೆಯ ಮರಾಠಿ ಅಜ್ಜಿ, ಮೊದಲು ಉರಿಯುವ ಕಂದೀಲು ಇಳಿಸಿ ನೋಡಲು ಹೇಳಿದಳು. ಅಪ್ಪ ನಗುತ್ತಲೇ ಇಳಿಸಿದರು. ಅರ್ಧಕ್ಕೆ ಹೋಗುತ್ತಲೇ ದೀಪ ಆರಿತು. ಮತ್ತೆ ಹಚ್ಚಿ ಬಿಟ್ಟರೆ ಅಲ್ಲೇ ಆರಿತು.

"ಒಳಗ ಗಾಳಿನ ಇಲ್ರಿ, ಇಳೀಬ್ಯಾಡ್ರಿ," ಎಂದಳು ಅವ್ವ. ತಾನೇ ಹೋಗಿ ಅಪ್ಪನ ಸೊಂಟದ ಹಗ್ಗ ಬಿಚ್ಚಿದಳು.

ಬಾವಿಗೆ ಮತ್ತೆ ಹಲಗೆ ಮುಚ್ಚಿದರು. ತಂಡದ ಬಕೆಟ್ಟುಗಳು ಖಾಲಿಯೇ ಉಳಿದವು. ಹೊರಗೆ ಬಿಸಿಗಾಳಿ ಬೀಸುತ್ತಲೇ ಇತ್ತು.