ತೂಬಿನ ಕಲ್ಲಿನ ಮೇಲಿನ ಎರಡು ವಾಚು

ನನ್ನ ಟ್ರಂಕಿನ ತಳದಲ್ಲಿ ಸಿಕ್ಕಿದ ಎರಡು ವಾಚುಗಳನ್ನು ಲಿಂಗಸುಗೂರಿನಲ್ಲಿ ರಿಪೇರಿ ಮಾಡಿಸಿ ತಂದು ನಿನ್ನೆ ನನ್ನ ಮುಂದೆ ಇಟ್ಟಿರಿ. ಎರಡೂ ಉದ್ದ ಚೌಕದವು, ಕೀಲಿ ಕೊಡುವಂಥವು, ಬಂಗಾರದ ಬಣ್ಣದವು. ಅಂಕಿಗಳಿರುವುದು ನಿಮ್ಮ ಅಜ್ಜನದು, ಮದುವೆಯಲ್ಲಿ ನನ್ನಪ್ಪ ಕೊಟ್ಟದ್ದು. ಬರೀ ಗೆರೆಗಳಿದ್ದು, ಕೆಳಗೆ ಸೆಕೆಂಡಿನ ಪುಟ್ಟ ಮುಳ್ಳು ಇರುವುದು ನನ್ನ ಭಾವನದು, ಅಜ್ಜನ ಅಣ್ಣನದು. ತಮ್ಮನ ವಾಚು ನೋಡಿ, ಅಂಥದ್ದೇ ಬೇಕೆಂದು ಸಿಂಧನೂರಿನಲ್ಲಿ ಕೊಂಡದ್ದು.

"ಅಜ್ಜಿ, ಎರಡೂ ಒಂದ ಟೈಮ್ ತೋರಸ್ತಾವ ನೋಡು. ಅಜ್ಜ ಹೇಳ್ತಿದ್ದ ಕಳ್ಳ ವಾಚು ಇದ ಅಲ್ಲೇನು?" ಎಂದು ಗೆರೆಯ ವಾಚು ಎತ್ತಿ ನಕ್ಕಿರಿ. ನಾನು ಒಳಗೆ ಎದ್ದು ಹೋದೆ. ಬಾಯಿಂದ ಬಾರದ್ದನ್ನು ಬರೆಯುತ್ತಿದ್ದೇನೆ.

ಅಣ್ಣತಮ್ಮಂದಿರಿಗೆ ಕಾಲುವೆಯ ಒಂದೇ ತೂಬು. ಮೂರು ಗಂಟೆಯವರೆಗೆ ಭಾವನ ಗದ್ದೆಗೆ ನೀರು, ಆಮೇಲೆ ನಮಗೆ. ಪಾಳಿಯ ದಿನ ಬೆಳಿಗ್ಗೆ ತೂಬಿನ ಕಲ್ಲಿನ ಮೇಲೆ ಎರಡೂ ವಾಚು ಇಟ್ಟು ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಒಂದು ವರ್ಷ ಭತ್ತ ಹಾಲುಗಟ್ಟುವಾಗಲೇ ನೀರು ಕಮ್ಮಿಯಾಯಿತು. ಒಂದು ಪಾಳಿಯ ದಿನ ಮುಳ್ಳು ಸರಿಮಾಡಿ ಬಂದು ಅಜ್ಜ ಜಳಕಕ್ಕೆ ಕೂತಾಗ, ನಾನು ಅವರ ವಾಚನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿದೆ. ಅವರಿಗೂ ಹೇಳಲಿಲ್ಲ.

ಮಧ್ಯಾಹ್ನ ಚಹಾ ಹೊತ್ತು ಹೋದಾಗ ಅಜ್ಜ ಭಾವನ ಗದ್ದೆಯ ನೀರು ತಡೆದು ನಮ್ಮ ಗದ್ದೆಗೆ ತಿರುಗಿಸುತ್ತಿದ್ದರು.

"ಇನ್ನಾ ಹದಿನೈದು ಮಿನಿಟ್ ಐತಲೇ!" ಎಂದರು ಭಾವ. "ಮಾವ ವಾಚ್ ಕೊಟ್ಟಾನಂತ ಸೂರ್ಯಾನೂ ನಿನ್ನ ಮಾತು ಕೇಳ್ತಾನೇನು?"

"ಮುಂಜಾನಿ ಕೂಡೇ ಸರಿ ಮಾಡೀವಿ. ನೀನ ಮುಳ್ಳು ಹಿಂದ ತಿರುವಿದಿ. ಅಣ್ಣ ಅಲ್ಲ ನೀ, ಕಳ್ಳ!"

ಭಾವ ಕಪಾಳಕ್ಕೆ ಬಾರಿಸಿದರು. ಅಜ್ಜ ಅವರನ್ನು ಕಾಲುವೆಗೆ ಕೆಡವಿ, ಕುತ್ತಿಗೆ ಹಿಡಿದು ಮುಖವನ್ನು ನೀರಿನಲ್ಲಿ ಅದುಮಿದರು. ಕೆಮ್ಮುತ್ತ ಎದ್ದ ಭಾವ ಕಲ್ಲೆತ್ತಿ ಅಜ್ಜನ ಕಿವಿಗೆ ಜಜ್ಜಿದರು. ಕಿವಿಯಿಂದ ರಕ್ತ ಸುರಿಯುತ್ತಿದ್ದ ಅಜ್ಜ ಸಲಿಕೆ ಬೀಸಿದರು. ಭಾವನ ಎಡಗೈಯ ಎರಡು ಬೆರಳು ಕೆಸರಿಗೆ ಬಿದ್ದವು. ವಾಚಿನ ಪಟ್ಟಿಯೂ ಹರಿಯಿತು. ಕೆಂಪು ನೀರು ನಮ್ಮ ಗದ್ದೆಗೇ ಹರಿಯಿತು.

ಭಾವನ ಎದುರು ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಪದ್ಧತಿ ಇದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಮರುದಿನ ಕೆಸರಿನಲ್ಲಿ ಸಿಕ್ಕ ಭಾವನ ವಾಚನ್ನು ತಂದು ಮುಚ್ಚಿಟ್ಟೆ. ಅಂದಿನಿಂದ ಎರಡು ಮನೆಗೆ ಮಾತಿಲ್ಲ. ಅಜ್ಜನಿಗೆ ಆ ಕಿವಿ ಮತ್ತೆ ಕೇಳಿಸಲಿಲ್ಲ. ಅಣ್ಣ ಕಳ್ಳನೆಂದೇ ನಂಬಿ ಸತ್ತರು.

ಭಾವ ಇನ್ನೂ ತುರ್ವಿಹಾಳದಲ್ಲಿದ್ದಾರೆ. ನಾಳೆ ಗೆರೆಯ ವಾಚು ತೆಗೆದುಕೊಂಡು ನನ್ನನ್ನು ಅಲ್ಲಿಗೆ ಕರೆದೊಯ್ಯಿರಿ. ಅವರ ಮುಂದೆ ಈ ಕಾಗದವನ್ನು ಗಟ್ಟಿಯಾಗಿ ಓದಿ. ಅವರು ನನ್ನನ್ನು ಹೊಡೆದರೆ ಅಡ್ಡ ಬರಬೇಡಿ.