ರೊಟ್ಟಿಯ ತಿದ್ದುಪಡಿ

ಸಂಶೋಧನಾ ಪತ್ರಿಕೆಯ ಒಂದು ಸಂಚಿಕೆಯನ್ನು ಮೊದಲಿಂದ ಕೊನೆತನಕ ಓದಿದ್ದೇನೆ ಅಂತ ಯಾರಾದರೂ ಹೇಳಿದರೆ ಮರ್ಯಾದೆಗೆ ತಲೆ ಆಡಿಸುತ್ತೇನೆ, ನಂಬುವುದಿಲ್ಲ. ಶಹಾಪುರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತ ತಲೆಗೂದಲು ಕಳೆದುಕೊಂಡ ನಾನೇ ಓದಿಲ್ಲ. ಮೊದಲ ಪುಟದಲ್ಲೇ ‘ಇದು ಸುಲಭವಾಗಿ ಹೊಳೆಯುತ್ತದೆ’ ಅಂತ ಬರೆದಿರುತ್ತಾರೆ. ನನಗೆ ಹೊಳೆಯುವುದಿಲ್ಲ. ಅಲ್ಲಿಗೆ ನಮ್ಮಿಬ್ಬರ ಸಂಬಂಧ ಮುಗಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಗ್ರಂಥಾಲಯದ ಫ್ಯಾನಿನ ಕೆಳಗೆ ಪತ್ರಿಕೆ ಹಿಡಿದು ತೂಕಡಿಸಿದರೆ ನೋಡಿದವರು ಏನೋ ಆಳವಾದ ವಿಚಾರದಲ್ಲಿದ್ದಾನೆ ಅಂದುಕೊಳ್ಳುತ್ತಾರೆ. ಇವುಗಳಿಂದ ನನಗಾದ ಲಾಭ ಇಷ್ಟೇ.

ಪತ್ರಿಕೆ ಓದಲು ಬಾರದಿದ್ದರೂ ಅವು ಹುಟ್ಟಿದ ಕತೆಯನ್ನು ಮಾತ್ರ ಚಪ್ಪರಿಸಿ ಓದಿದ್ದೇನೆ. ಮುನ್ನೂರೈವತ್ತು ಚಿಲ್ಲರೆ ವರ್ಷಗಳ ಹಿಂದೆ ಯುರೋಪಿನ ಪಂಡಿತರು ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದರು, ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಹೊಸದೊಂದು ಕಂಡರೆ ಅದನ್ನು ಒಂದು ವಾಕ್ಯದಲ್ಲಿ ಬರೆದು, ಅಕ್ಷರಗಳನ್ನೆಲ್ಲ ಕಲಸಿ, ಯಾರಿಗೂ ತಿಳಿಯದ ಹಾಗೆ ಮಾಡಿ ಕಳಿಸುತ್ತಿದ್ದರು. ನಾಳೆ ಇನ್ನೊಬ್ಬ ಅದನ್ನೇ ಕಂಡೆ ಅಂದರೆ ಅಕ್ಷರ ಬಿಡಿಸಿ ತೋರಿಸಿ, ನೋಡಪ್ಪ, ನಾನು ಮೊದಲು ಅನ್ನಬಹುದಲ್ಲ! ಈ ಕಣ್ಣಾಮುಚ್ಚಾಲೆ ಸಾಕೆನಿಸಿ ಲಂಡನ್ನಿನಲ್ಲಿ ಒಂದು ವಿದ್ವತ್ಸಭೆಯ ಕಾರ್ಯದರ್ಶಿ, ಬಂದ ಕಾಗದಗಳನ್ನು ತಾರೀಖು ಹಾಕಿ ಅಚ್ಚು ಮಾಡಿಸತೊಡಗಿದ. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲೂ ಒಂದು ಪತ್ರಿಕೆ ಶುರುವಾಯಿತು. ಕಂಡದ್ದನ್ನು ಎಲ್ಲರಿಗೂ ಹೇಳು, ಕಂಡವನು ನೀನೇ ಅಂತ ನಾವು ಬರೆದಿಡುತ್ತೇವೆ. ಈ ಒಂದು ಮಾತಿನ ಮೇಲೆ ಜಗತ್ತಿನ ವಿಜ್ಞಾನವೆಲ್ಲ ನಿಂತಿದೆ. ಒಳ್ಳೆಯ ಮಾತು. ಅದನ್ನು ನಡೆಸಿಕೊಡುವವರು ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ದೇಶದಲ್ಲಿ ಗಣಿತದ ಪತ್ರಿಕೆ ಶುರುವಾದ ರೀತಿ ಇನ್ನೂ ಚೆಂದ. ಊರೂರಿನ ಗಣಿತದ ಮೇಷ್ಟರುಗಳು ಚಂದಾ ಕೂಡಿಸಿ ಹೊರದೇಶದ ಪತ್ರಿಕೆ ತರಿಸಿ, ಒಬ್ಬರು ಓದಿ ಇನ್ನೊಬ್ಬರಿಗೆ ಅಂಚೆಯಲ್ಲಿ ದಾಟಿಸುತ್ತಿದ್ದರಂತೆ. ನಮ್ಮ ಕಡೆಯ ರೈತರಿಗೆ ಹೇಳಿದರೆ ತಟ್ಟನೆ ತಿಳಿಯುತ್ತದೆ. ನಾರಾಯಣಪುರದ ಕಾಲುವೆಯ ನೀರನ್ನು ಇಷ್ಟು ದಿನ ಬಿಟ್ಟು ಇಷ್ಟು ದಿನ ಬಂದ್ ಮಾಡಿ ಸರದಿಯಲ್ಲಿ ಹಂಚುವುದಕ್ಕೆ ಅವರು ವಾರಬಂದಿ ಅನ್ನುತ್ತಾರೆ. ಕಾಲುವೆಯ ತಲೆಯಲ್ಲಿದ್ದವರು ಎರಡು ಬೆಳೆ ಭತ್ತ ತೆಗೆಯುತ್ತಾರೆ, ಬಾಲದಲ್ಲಿದ್ದವರು ಒಣ ಕಾಲುವೆಯಲ್ಲಿ ಕುರಿ ಇಳಿಸುತ್ತಾರೆ. ಪತ್ರಿಕೆಗಳ ಪಾಡೂ ಆಮೇಲೆ ಹಾಗೇ ಆಯಿತು. ದೊಡ್ಡ ಪ್ರಕಾಶಕರು ಬಂದರು. ಪಂಡಿತರು ಬಿಟ್ಟಿ ಬರೆದರು, ಬಿಟ್ಟಿ ತಿದ್ದಿದರು, ಕೊನೆಗೆ ತಮ್ಮ ಬರಹವನ್ನೇ ದುಡ್ಡು ಕೊಟ್ಟು ಕೊಂಡರು. ಕೊಳ್ಳಲಾಗದ ನಮ್ಮಂಥ ಕಾಲೇಜುಗಳು ಬಾಲಕ್ಕೆ ಉಳಿದವು.

ಇಷ್ಟನ್ನು ನಾನು ನಗುನಗುತ್ತ ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದೆ. ರೇಣುಕಾ ಮೇಡಂ ಪ್ರಸಂಗವಾದ ಮೇಲೆ ನಗು ಬರುವುದು ನಿಂತಿತು.

ರೇಣುಕಾ ನಮ್ಮಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಪ್ರತಿ ಬೇಸಿಗೆಗೆ ಮನೆಗೆ ಕಳಿಸಿ, ಮನಸ್ಸಾದರೆ ಮತ್ತೆ ಕರೆಯುವ ಜಾತಿ. ಊರು ಸುರಪುರ ತಾಲೂಕಿನ ಕಕ್ಕೇರಾ, ಕುರಿ ಸಾಕುವ ಮನೆತನ. ಕಾಲುವೆ ಬಂದ ಮೇಲೆ ಇವರೂ ಒಂದಿಷ್ಟು ಹೊಲಕ್ಕೆ ನೀರು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಹೊಲದ ತಗ್ಗಿನ ಭಾಗ ಸವಳಾಗಿ, ಮೇಲೆ ಬಿಳಿ ಉಪ್ಪು ಕಟ್ಟಿಕೊಂಡಿತು. ನೀರು ಹೆಚ್ಚಾದದ್ದರಿಂದ ಹೀಗಾಯಿತು ಅಂತ ಎಲ್ಲರೂ ಅಂದರು. ರೇಣುಕಾ ಅದನ್ನೇ ಡಾಕ್ಟರೇಟಿಗೆ ವಿಷಯ ಮಾಡಿಕೊಂಡು, ಏಳು ವರ್ಷ ಅವೇ ಹೊಲಗಳ ಮಣ್ಣನ್ನು ನೀರು ಬಿಟ್ಟಾಗ ಒಮ್ಮೆ, ಬಂದ್ ಆದಾಗ ಒಮ್ಮೆ ತೆಗೆದು ಪರೀಕ್ಷೆ ಮಾಡಿದಳು. ನೀರು ಹರಿಯುವಾಗ ಉಪ್ಪು ಕೆಳಗೇ ಇರುತ್ತದೆ, ನೀರು ನಿಂತು ಮೇಲ್ಮಣ್ಣು ಒಣಗುವ ದಿನಗಳಲ್ಲಿ ಅದು ಮೇಲೇರುತ್ತದೆ. ಅದಕ್ಕೆ ಮೊದಲೇ ಬಸಿಗಾಲುವೆ ತೋಡಿ ತೇವ ಇಳಿಸಿದರೆ ಹೊಲ ಉಳಿಯುತ್ತದೆ ಅಂತ ಅವಳು ಕಂಡುಕೊಂಡಳು. ಲೆಕ್ಕದ ಭಾಗ ನೋಡಿಕೊಟ್ಟವನು ನಾನು. ಜೀವನದಲ್ಲಿ ಮೊದಲ ಸಲ ಒಂದು ಸಂಶೋಧನಾ ಲೇಖನ ಕೊನೆತನಕ ಓದಿ ತಿಳಿದುಕೊಂಡೆ.

ಒಂದು ದೊಡ್ಡ ಪತ್ರಿಕೆಗೆ ಕಳಿಸಿದೆವು. ವರ್ಷ ಕಳೆದ ಮೇಲೆ, ಇದು ಸ್ಥಳೀಯ ಆಸಕ್ತಿಯ ವಿಷಯ ಅಂತ ವಾಪಸ್ಸು ಬಂತು. ಉಪ್ಪು ಕಕ್ಕೇರಾದ್ದಾದರೆ ಸ್ಥಳೀಯ, ಕ್ಯಾಲಿಫೋರ್ನಿಯಾದ್ದಾದರೆ ಸಾರ್ವತ್ರಿಕ! ಆ ಹೊತ್ತಿಗೆ ದೊಡ್ಡ ಊರಿನ ಸಂಸ್ಥೆಯೊಂದರಿಂದ ಇಬ್ಬರು ವಿದ್ವಾಂಸರು ಇದೇ ವಿಷಯಕ್ಕೆ ಬಂದು ನಾರಾಯಣಪುರದ ವಸತಿಗೃಹದಲ್ಲಿ ಇಳಿದರು. ಯಾರೋ ರೇಣುಕಾಳ ಹೆಸರು ಹೇಳಿದ್ದರು. ಇವಳಿಗೆ ಸಂಭ್ರಮ. ನಮ್ಮ ಕೆಲಸ ಕೇಳಿಕೊಂಡು ಇಷ್ಟು ದೂರ ಬಂದಾರಲ್ಲರಿ ಅಂತ ಅವರನ್ನು ಹೊಲಹೊಲ ತಿರುಗಿಸಿದಳು. ಅವಳವ್ವ ಮಾಳಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮಾಡಿ ಹಾಕಿದಳು. ಹೊರಡುವಾಗ ರೇಣುಕಾ ಏಳು ವರ್ಷದ ಅಂಕಿಸಂಖ್ಯೆಗಳನ್ನೆಲ್ಲ ಅವರ ಪೆನ್‌ಡ್ರೈವಿಗೆ ತುಂಬಿಕೊಟ್ಟಳು. ನಾವೆಲ್ಲ ಕೂಡಿ ಬರೆಯೋಣ ಅಂತ ಅವರು ಹೇಳಿ ಹೋದರು.

ಮರುದಿನ ಸುದ್ದಿ ಕೇಳಿ, ಈ ಮಾತನ್ನು ಕಾಗದದಲ್ಲಿ ಬರೆಸಿಕೊಂಡಿಯೇನಮ್ಮ ಅಂತ ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

“ಮನ್ಯಾಗ ಉಂಡು ಕೈ ತೊಳಕೊಂಡವರ ಕಡಿಂದ ಬರೆಸಿಕೊಳ್ಳೋದು ಹೆಂಗ್ರಿ ಸರ್? ನಮ್ಮ ಕಡೆ ಯಾರರ ಹಂಗ ಮಾಡ್ತಾರೇನ್ರಿ?”

ಇಲ್ಲ, ಯಾರೂ ಮಾಡುವುದಿಲ್ಲ. ನಮ್ಮ ಈ ಸೀಮೆಯಲ್ಲಿ ಹೊಲದ ಬದುವಿಗೆ ತಲೆ ಒಡೆದುಕೊಳ್ಳುವವರೂ ಒಂದೇ ಪಂಕ್ತಿಯಲ್ಲಿ ಉಂಡ ದಿನ ಕಾಗದ ಮುಂದಿಡುವುದಿಲ್ಲ. ಉಂಡವನ ಮುಂದೆ ಕಾಗದ ಹಿಡಿದರೆ ಹಾಕಿದ ಊಟಕ್ಕೆ ರಸೀದಿ ಕೇಳಿದ ಹಾಗೆ. ನಾನೂ ಇದೇ ಸೀಮೆಯ ಬಳಿಚಕ್ರ ಅನ್ನುವ ಊರಿನವನು, ನಾನಿದ್ದರೂ ಕೇಳುತ್ತಿರಲಿಲ್ಲ. ಅಕ್ಷರ ಕಲಸಿ ಕಳಿಸುತ್ತಿದ್ದ ಆ ಯುರೋಪಿನ ಪಂಡಿತರು ಒಬ್ಬರನ್ನೊಬ್ಬರು ಊಟಕ್ಕೆ ಕರೆದಿರಲಿಕ್ಕಿಲ್ಲ.

ಕೊನೆಗೆ ಹೊರದೇಶದ ಒಂದು ಪತ್ರಿಕೆಯಲ್ಲಿ ಲೇಖನ ಬಂತು. ಅದೇ ಹೊಲಗಳು, ಅದೇ ಏಳು ವರ್ಷ, ಅದೇ ತೀರ್ಮಾನ. ಲೇಖಕರು ಅವರಿಬ್ಬರೇ. ಓದಬೇಕೆಂದರೆ ಇಂತಿಷ್ಟು ಡಾಲರು ಕಟ್ಟಿ ಅಂತ ಪತ್ರಿಕೆಯ ಬಾಗಿಲು ಹಾಕಿತ್ತು. ತನ್ನ ಹೊಲದ ಮಣ್ಣಿನ ಸುದ್ದಿ ಓದಲು ಅವಳು ದುಡ್ಡು ಕೊಡಬೇಕು! ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಲ್ಲಿಂದಲೋ ಪ್ರತಿ ತೆಗೆದು ಕಳಿಸಿದ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಕ್ಷೇತ್ರಕಾರ್ಯದ ವೇಳೆ ರುಚಿಕರವಾದ ಊಟ ನೀಡಿದ ಕಕ್ಕೇರಾದ ರೇಣುಕಾ ಅವರಿಗೆ ಕೃತಜ್ಞತೆಗಳು.

ಅವಳ ಮಾರ್ಗದರ್ಶಕರು ಲೇಖನ ನೋಡಿ ಕೈಚೆಲ್ಲಿದರು. ಇದು ಈಗಾಗಲೇ ಪ್ರಕಟವಾಗಿದೆ, ನಿನ್ನ ಪ್ರಬಂಧದಲ್ಲಿ ಹೊಸದೇನಿದೆ, ಬೇರೆ ವಿಷಯ ನೋಡಿಕೋ ಅಂದರಂತೆ. ಡಾಕ್ಟರೇಟು ಇಲ್ಲದೆ ನೌಕರಿ ಕಾಯಂ ಆಗುವುದಿಲ್ಲ. ತಾನು ಕಂಡದ್ದನ್ನು ತಾನೇ ಕದ್ದವಳ ಹಾಗೆ ಅವಳು ಆ ವಾರವೆಲ್ಲ ತಲೆ ತಗ್ಗಿಸಿಕೊಂಡು ಓಡಾಡಿದಳು. ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಕಳ್ಳತನ ಆಗಬಾರದು ಅಂತ ಹುಟ್ಟಿದ ಪತ್ರಿಕೆಯೇ ಕಳ್ಳಮಾಲಿಗೆ ತಾರೀಖು ಹಾಕಿ ಮೊಹರು ಒತ್ತಿ ಕೊಟ್ಟರೆ ಬಡವರು ಎಲ್ಲಿಗೆ ಹೋಗಬೇಕು?

ಭಾನುವಾರ ಅವಳ ಜೊತೆ ಕಕ್ಕೇರಾಕ್ಕೆ ಹೋದೆ. ಎಂದೂ ಶಾಲೆಗೆ ಹೋಗದ ಮಾಳಮ್ಮ ಚಹಾ ಕೊಟ್ಟು, ಮಗಳ ಕೈಯಲ್ಲಿದ್ದ ಹಾಳೆಗಳನ್ನು ನೋಡಿ ಕೇಳಿದಳು.

“ನಿನ್ನ ಹೆಸರ ಬಿದ್ದೈತೇನು ಇದರಾಗ?”

“ಬಿದ್ದೈತವ್ವ.”

“ಏನಂತ?”

“ಊಟ ಹಾಕಿದಾಕಿ ಅಂತ.”

ಮಾಳಮ್ಮನಿಗೆ ತಿಳಿಯಲಿಲ್ಲ. “ರೊಟ್ಟಿ ಬಡದಾಕಿ ನಾನು. ನೀ ಆವತ್ತ ಅವರ ಕೂಡ ಹೊಲದಾಗಿದ್ದಿ.”

ಆ ಮಾತು ರೇಣುಕಾಳೊಳಗೆ ಎಲ್ಲೋ ನಾಟಿರಬೇಕು. ತಲೆ ಎತ್ತಿ ಕೂತಳು. ಪತ್ರಿಕೆಗಳಲ್ಲಿ ತಪ್ಪು ಕಂಡರೆ ತಿದ್ದುಪಡಿ ಅಚ್ಚು ಹಾಕುವ ಒಂದು ಹಳೆಯ ಸಂಪ್ರದಾಯವಿದೆ. ನಾವಿಬ್ಬರೂ ಅಲ್ಲೇ ಕೂತು ಅವಳ ಹೆಸರಿನಲ್ಲಿ ಸಂಪಾದಕರಿಗೆ ಬರೆದೆವು. ತಪ್ಪು ಎರಡಿವೆ. ಒಂದು, ಏಳು ವರ್ಷದ ಮಣ್ಣಿನ ಪರೀಕ್ಷೆ ನನ್ನದು, ಪುರಾವೆ ಇಲ್ಲಿದೆ. ಎರಡು, ಊಟ ಮಾಡಿಹಾಕಿದವಳು ನಾನಲ್ಲ, ನನ್ನ ತಾಯಿ ಮಾಳಮ್ಮ.

ಎಂಟು ದಿನದಲ್ಲಿ ಉತ್ತರ ಬಂತು. ಇಂಥ ಚುರುಕು ನಾನು ಯಾವ ಪತ್ರಿಕೆಯಲ್ಲೂ ಕಂಡಿರಲಿಲ್ಲ. ನಿಖರತೆಯ ಬಗ್ಗೆ ತಮಗಿರುವ ಬದ್ಧತೆ ದೊಡ್ಡದು ಅಂತ ಶುರುಮಾಡಿ, ಮೊದಲನೆಯ ವಿಷಯ ಲೇಖಕರ ಸಂಸ್ಥೆಯ ಪರಿಶೀಲನೆಗೆ ಬಿಟ್ಟದ್ದು, ಎರಡನೆಯದನ್ನು ತಕ್ಷಣ ಸರಿಪಡಿಸಿದ್ದೇವೆ ಅಂತ ಬರೆದಿದ್ದರು. ಸರಿಪಡಿಸಿಯೂ ಇದ್ದರು. ಕೃತಜ್ಞತೆಯ ಸಾಲಿನಲ್ಲಿ ಈಗ ಕಕ್ಕೇರಾದ ಮಾಳಮ್ಮನ ಹೆಸರಿದೆ. ರೇಣುಕಾಳ ಹೆಸರು ಎಲ್ಲೂ ಇಲ್ಲ.

ಸಂಸ್ಥೆಯ ಪರಿಶೀಲನೆ ನಡೆದೇ ಇದೆ. ರೇಣುಕಾ ಈ ಬೇಸಿಗೆಗೂ ಮನೆಗೆ ಹೋಗಿ ಬಂದಳು, ಮತ್ತೆ ಅತಿಥಿಯಾಗಿಯೇ. ಮೊನ್ನೆ ಕಕ್ಕೇರಾದಲ್ಲಿ ಸಿಕ್ಕ ಮಾಳಮ್ಮ, ಮಗಳದೇನಾಯಿತು ಅಂತ ಕೇಳಿದಳು. ಇನ್ನೂ ನೋಡುತ್ತಿದ್ದಾರಂತೆ ಅಂದೆ.

“ನನ್ನ ರೊಟ್ಟೀದು ಎಂಟ ದಿನದಾಗ ತಿದ್ದ್ಯಾರಲ್ರಿ ಸರ್. ಮಣ್ಣಿಂದ್ಯಾಕ ಇಷ್ಟ ತಡ?”

ರೊಟ್ಟಿ ಬಡಿದದ್ದಕ್ಕೆ ಅಲ್ಲಿ ಯಾರಿಗೂ ಬಡ್ತಿ ಸಿಗುವುದಿಲ್ಲವ್ವ, ಅದಕ್ಕೇ, ಅಂದೆ.