ಮೊಳೆ ಯಜಮಾನರ ಕಟ್ಟಡ

ಬೀದಿಯವರೆಲ್ಲ ಮೊಳೆ ಯಜಮಾನರೆಂದು ಕರೆಯುತ್ತಿದ್ದ, ಟೈರ್ ಕಾರ್ಖಾನೆಯ ನಿವೃತ್ತ ಫೋರ್‌ಮನ್ನರು ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಪರರ ಮನೆಯಲ್ಲಿ ಬಾಡಿಗೆದಾರರಾಗಿ ತೀರಿಕೊಂಡರು. ಹೆಂಡತಿ ಇದ್ದಾರೆ. ಮದುವೆಯಾಗಿ ದೂರ ಹೋದ ಮಗಳಿದ್ದಾಳೆ. ಮಾವನ ಕಟ್ಟಡ ಇರುವವರೆಗೂ ಮಾವನನ್ನು ಬಹಳ ಗೌರವದಿಂದ ಮಾತನಾಡಿಸುತ್ತಿದ್ದ ಅಳಿಯನೂ ಇದ್ದಾನೆ. ಮಾಲೀಕರಾಗಿದ್ದವರು ಬಾಡಿಗೆದಾರರಾಗಿ ಹೋದದ್ದಕ್ಕೆ ವಿಧಿಯನ್ನು ದೂರುವುದು ವಾಡಿಕೆ. ವಿಧಿಗೆ ಅಷ್ಟು ಬಿಡುವಿಲ್ಲ. ಆ ಕೆಲಸವನ್ನು ಒಂದು ಕಾರ್ಖಾನೆ, ಒಂದು ಸರ್ಕಾರಿ ಆದೇಶ ಮತ್ತು ಯಜಮಾನರ ಸ್ವಂತ ಬುದ್ಧಿವಂತಿಕೆ ಹಂಚಿಕೊಂಡು ಮಾಡಿ ಮುಗಿಸಿದವು.

ಕಾರ್ಖಾನೆಯಲ್ಲಿದ್ದಷ್ಟು ಕಾಲವೂ ಅವರು ಬಾಡಿಗೆ ಮನೆಗಳಲ್ಲೇ ಬಾಳಿದವರು. ಹೋದಲ್ಲೆಲ್ಲ ಒಂದೇ ಷರತ್ತು: ಗೋಡೆಗೆ ಮೊಳೆ ಹೊಡೆಯಬಾರದು. ಹೆಂಡತಿಗೆ ತವರಿನಿಂದ ಬಂದಿದ್ದ ಮರದ ಚೌಕಟ್ಟಿನ ಕನ್ನಡಿ ಈ ಕಾರಣದಿಂದ ನೆಲದ ಮೇಲೆ ಗೋಡೆಗೊರಗಿಯೇ ಕಾಲ ಕಳೆಯಿತು. ಆಕೆ ಬಗ್ಗಿಕೊಂಡು ತಲೆ ಬಾಚುವುದನ್ನು ರೂಢಿಸಿಕೊಂಡರು. "ನಮ್ದೇ ಮನೆ ಆಗ್ಲಿ, ಮೊದಲನೇ ದಿನವೇ ಇದನ್ನ ತೂಗುಹಾಕ್ತೀನಿ" ಎಂದು ಯಜಮಾನರು ಮಾತು ಕೊಟ್ಟಿದ್ದರು.

ನಿವೃತ್ತಿಯ ಹಣವನ್ನೆಲ್ಲ ಸುರಿದು, ಸಾಲದ್ದಕ್ಕೆ ಬ್ಯಾಂಕಿನ ಬಾಗಿಲು ತಟ್ಟಿ ಅವರು ಮೂರಂತಸ್ತಿನ ಕಟ್ಟಡ ಎಬ್ಬಿಸಿದರು. ಕೆಳಗೆ ತಾವು, ಮೇಲಿನ ನಾಲ್ಕು ಮನೆ ಬಾಡಿಗೆಗೆ. ಹೆಂಡತಿ ಕನ್ನಡಿ ಎತ್ತಿಕೊಂಡು ಬಂದಾಗ ಅವರು ಹೊಸ ಗಾರೆಯ ಮೇಲೆ ಅಂಗೈಯಾಡಿಸಿದರು.

"ಸ್ವಲ್ಪ ತಡಿ. ಇನ್ನೂ ಹಸಿ ಇದೆ. ಬಿರುಕು ಬಿಟ್ರೆ ಕಟ್ಟಡದ ಬೆಲೆ ಇಳಿಯುತ್ತೆ."

"ಬೇರೆಯವರ ಗೋಡೆಗೂ ಬೇಡ, ನಮ್ಮ ಗೋಡೆಗೂ ಬೇಡ. ಹಾಗಾದ್ರೆ ಆಕಾಶಕ್ಕೆ ಹೊಡೀಲಾ ಮೊಳೆ?" ಎಂದರು ಆಕೆ.

ಗಾರೆ ಒಣಗಿತು. ಅನುಮತಿ ಮಾತ್ರ ಬರಲಿಲ್ಲ.

ಬಾಡಿಗೆದಾರರನ್ನು ಆರಿಸುವುದರಲ್ಲಿ ಯಜಮಾನರು ಹೆಣ್ಣು ಕೊಡುವ ತಂದೆಯನ್ನೂ ಮೀರಿಸುತ್ತಿದ್ದರು. ವ್ಯಾಪಾರಸ್ಥರು ಬೇಡ, ಅವರ ಗಳಿಕೆಗೆ ನಂಬಿಕೆಯಿಲ್ಲ. ಹಾಡುವವರು, ಚಿತ್ರ ಬಿಡಿಸುವವರಂತೂ ಮೆಟ್ಟಿಲು ಹತ್ತುವಂತೆಯೇ ಇರಲಿಲ್ಲ. ಟೈರ್ ಕಾರ್ಖಾನೆಯ ಕಾಯಂ ನೌಕರನೇ ಆಗಿರಬೇಕು, ಗುರುತಿನ ಚೀಟಿ ತೋರಿಸಬೇಕು, ಗೋಡೆಗೆ ಮೊಳೆ ಹೊಡೆಯುವುದಿಲ್ಲವೆಂದು ಮಾತು ಕೊಡಬೇಕು. ನಾಲ್ಕು ಮನೆಯೂ ಹಾಗೆಯೇ ತುಂಬಿದವು. ಬೆಳಿಗ್ಗೆ ತಾರಸಿಗೆ ಹೋಗಿ, ದೂರದ ಚಿಮಣಿಯಲ್ಲಿ ಹೊಗೆ ಏಳುವುದನ್ನು ನೋಡಿ ಇಳಿದರೆ ಅವರಿಗೆ ತಿಂಡಿ ರುಚಿಸುತ್ತಿತ್ತು. "ಆ ಹೊಗೆ ಇರೋವರೆಗೂ ನಮ್ಮ ಬಾಡಿಗೆಗೆ ಮೋಸ ಇಲ್ಲ" ಎನ್ನುತ್ತಿದ್ದರು. ಜೀವಮಾನವಿಡೀ ಆ ಹೊಗೆ ಕುಡಿದವರಿಗೆ ಅದು ನಿಂತೀತೆಂಬ ಯೋಚನೆ ಬರುವುದಾದರೂ ಹೇಗೆ?

ನಿಂತಿತು. ಕಾರ್ಖಾನೆ ಮೊದಲು ರಾತ್ರಿ ಪಾಳಿಯವರನ್ನು, ಅನಂತರ ಉಳಿದವರನ್ನು ಕೆಲಸದಿಂದ ತೆಗೆಯಿತು. ಬೇರೆ ಕಾರ್ಖಾನೆಗಳೂ ಅದೇ ದಾರಿ ಹಿಡಿದಾಗ ಸರ್ಕಾರ ಎಚ್ಚೆತ್ತಿತು. ಕೆಲಸ ಕೊಡಿಸುವುದು ಕಷ್ಟ, ಆದೇಶ ಹೊರಡಿಸುವುದು ಸುಲಭ. ಮುಂದಿನ ಸೂಚನೆಯವರೆಗೆ ಯಾವ ಬಾಡಿಗೆದಾರನನ್ನೂ ಒಕ್ಕಲೆಬ್ಬಿಸುವಂತಿಲ್ಲ, ನೀರು ದೀಪ ನಿಲ್ಲಿಸುವಂತಿಲ್ಲ ಎಂದು ಸಾರಿತು. ಬಲು ಮಾನವೀಯವಾದ ಆದೇಶ. ಬ್ಯಾಂಕು ಕಂತು ಕೇಳುವಂತಿಲ್ಲವೆಂಬ ಸಾಲನ್ನು ಸೇರಿಸಲು ಮಾತ್ರ ಅದರಲ್ಲಿ ಜಾಗ ಸಾಲಲಿಲ್ಲವೆಂದು ತೋರುತ್ತದೆ. ಹೀಗೆ ಜನರ ತಲೆಯ ಮೇಲೊಂದು ಸೂರು ಉಳಿಸುವ ಪುಣ್ಯಕಾರ್ಯ ಸರ್ಕಾರದ ಹೆಸರಿನಲ್ಲಿ, ಯಜಮಾನರ ಖರ್ಚಿನಲ್ಲಿ ಆರಂಭವಾಯಿತು.

ಮರುದಿನ ಬೆಳಿಗ್ಗೆ ಮೇಲಿನ ಮನೆಯಿಂದ ಸುತ್ತಿಗೆಯ ಸದ್ದು ಬಂದಿತು. ಯಜಮಾನರು ಹಲ್ಲುಜ್ಜುತ್ತಿದ್ದವರು ಬ್ರಷ್ಷಿನ ಸಮೇತ ಮೆಟ್ಟಿಲು ಹತ್ತಿದರು. ಬಾಯ್ಲರ್ ವಿಭಾಗದಲ್ಲಿದ್ದ ಬಾಡಿಗೆದಾರ ಸ್ಟೂಲಿನ ಮೇಲೆ ನಿಂತು, ಮಗಳ ಶಾಲೆಯ ಚೀಲ ತೂಗುಹಾಕಲು ಮೊಳೆ ಹೊಡೆಯುತ್ತಿದ್ದ.

"ಏನಯ್ಯಾ ಇದು?"

"ಮೊಳೆ, ಯಜಮಾನ್ರೇ."

"ನನಗೂ ಕಣ್ಣಿದೆ. ಷರತ್ತು ಮರೆತುಹೋಯ್ತಾ? ಕಾರ್ಖಾನೆಯವನು ಅಂತ ನಂಬಿ ಮನೆ ಕೊಟ್ಟೆ!"

"ಕಾರ್ಖಾನೆ ನಮ್ಮನ್ನ ಬಿಟ್ಟುಹಾಕ್ತು. ನಾವಿನ್ನೂ ನಿಮ್ಮನ್ನ ಬಿಟ್ಟಿಲ್ಲವಲ್ಲ, ಅದಕ್ಕೆ ಖುಷಿಪಡಿ." ಅವನು ಸ್ಟೂಲಿನಿಂದ ಇಳಿದ. ದನಿಯೂ ಇಳಿಯಿತು. "ಎಲ್ಲಿಗೆ ಹೋಗ್ಲಿ, ನೀವೇ ಹೇಳಿ. ಒಂದು ಜಾಗ ತೋರ್ಸಿ, ಇವತ್ತೇ ಗಂಟುಮೂಟೆ ಕಟ್ತೀನಿ. ಯಾರ ಹತ್ರ ಹೋದ್ರೂ ಕಾಯಂ ಕೆಲಸದ ಚೀಟಿ ತೋರ್ಸು ಅಂತಾರೆ. ಥೇಟ್ ನಿಮ್ಮ ಹಾಗೇ."

ಯಜಮಾನರು ಬಾಯಲ್ಲಿದ್ದ ನೊರೆ ನುಂಗಿಕೊಂಡರು. ಇಳಿದು ಬಂದರು.

ಕಂತು ತಪ್ಪಿದರೆ ಕಟ್ಟಡ ಹರಾಜಾಗುವುದೆಂದು ಬ್ಯಾಂಕು ತಿಳಿಸಿತು. ಯಜಮಾನರು ಕೂತು ಯೋಚಿಸಿದರು. ಬಾಡಿಗೆ ಕೊಡದೆ ಕುಳಿತಿದ್ದ ಕುಟುಂಬಗಳಲ್ಲಿ ಕಾನೂನಿನ ಅಡ್ಡಿಯಿಲ್ಲದೆ ಹೊರಹಾಕಬಹುದಾದದ್ದು ಒಂದೇ ಇತ್ತು, ಅದು ಅವರದೇ. ತಮ್ಮನ್ನು ತಾವೇ ಒಕ್ಕಲೆಬ್ಬಿಸಿಕೊಂಡು, ಹೆಂಡತಿ ಮತ್ತು ಕನ್ನಡಿಯೊಡನೆ ತಾರಸಿಯ ನೀರಿನ ಟ್ಯಾಂಕಿನ ಪಕ್ಕದ ಕೋಣೆ ಸೇರಿದರು. ಕೆಳಗಿನ ಮನೆಗೆ, ಈ ಸಲ ಮೋಸಹೋಗಬಾರದೆಂದು, ಅವರ ಸಾಲ ಮಂಜೂರು ಮಾಡಿದ್ದ ಬ್ಯಾಂಕ್ ಅಧಿಕಾರಿಯನ್ನೇ ಕರೆತಂದರು.

"ರೀ, ಇವರ ಕೆಲಸವೂ ಹೋದ್ರೆ?"

"ಬ್ಯಾಂಕು ಕಣೇ ಅದು! ಟೈರ್ ಅಲ್ಲ, ಪಂಕ್ಚರ್ ಆಗೋಕೆ."

ಕಂತು ಕಟ್ಟಲಾಗದ ಇಂಥ ಯಜಮಾನರು ಊರ ತುಂಬ ಹೆಚ್ಚಿದಾಗ ಬ್ಯಾಂಕು ಆ ಶಾಖೆಯನ್ನೇ ಮುಚ್ಚಿ, ಅಧಿಕಾರಿಯನ್ನು ಮನೆಗೆ ಕಳುಹಿಸಿತು. ಮನೆಯೆಂದರೆ ಯಜಮಾನರ ಮನೆ. ಆದೇಶ ಅವರಿಗೂ ಅನ್ವಯಿಸಿತು. ವಾರ ಕಳೆಯುವುದರೊಳಗೆ ಅಲ್ಲಿಂದಲೂ ಸುತ್ತಿಗೆಯ ಸದ್ದು ಕೇಳಿತು.

ಹರಾಜಿಗೆ ಮೊದಲು ತಾವೇ ಮಾರೋಣವೆಂದರೆ, ನೋಡಲು ಬಂದವರೆಲ್ಲ "ಇವರೆಲ್ಲ ಯಾವಾಗ ಖಾಲಿ ಮಾಡ್ತಾರೆ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು. ಹೋಗದೆ ಉಳಿದವನು ಬೀದಿಗೊಂದು ಕಟ್ಟಡವಿದ್ದ ಒಬ್ಬ ಶ್ರೀಮಂತ. "ನನಗೇನೂ ಅವಸರ ಇಲ್ಲ, ಹಿರಿಯರೇ. ಆದೇಶ ಒಂದಲ್ಲ ಒಂದು ದಿನ ಹೋಗುತ್ತೆ. ಅಲ್ಲೀವರೆಗೆ ನಾನು ಕಾಯ್ತೀನಿ. ನಿಮಗೆ ಆಗುತ್ತಾ?"

ಆಗುತ್ತಿರಲಿಲ್ಲ. ಬ್ಯಾಂಕಿನ ಸಾಲ ತೀರುವಷ್ಟಕ್ಕೆ ಕಟ್ಟಡ ಅವನದಾಯಿತು. "ತಾರಸಿ ಕೋಣೆ ಮಾತ್ರ ಬೇಗ ಬಿಟ್ಟುಕೊಡಿ. ನೀವು ಬಾಡಿಗೆದಾರರಲ್ಲವಲ್ಲ" ಎಂದು ಅವನು ನಯವಾಗಿ ನೆನಪಿಸಿದ. ಯಾರೂ ಬೀದಿಗೆ ಬೀಳಬಾರದೆಂದು ಹೊರಟ ಆದೇಶದ ಕೆಳಗೆ ಆ ಕಟ್ಟಡದಿಂದ ಬೀದಿಗೆ ಬಿದ್ದವರು ಅದನ್ನು ಕಟ್ಟಿಸಿದ ದಂಪತಿ. ಸಾಮಾನು ಇಳಿಸಲು ಬಾಯ್ಲರಿನವನೂ ಅಧಿಕಾರಿಯೂ ಹೆಗಲು ಕೊಟ್ಟರು. ಕನ್ನಡಿಯನ್ನು ಮಾತ್ರ ಆಕೆ ಯಾರ ಕೈಗೂ ಕೊಡಲಿಲ್ಲ.

ಹೊಲಿಗೆ ಅಂಗಡಿಯೊಂದರ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬೀಗದ ಕೈ ಕೊಡುತ್ತ ಮನೆಯೊಡತಿ, "ಒಂದೇ ಮಾತು, ಗೋಡೆಗೆ ಮೊಳೆ..." ಎನ್ನುವಷ್ಟರಲ್ಲಿ ಯಜಮಾನರು ವಿನಯದಿಂದ "ಛೆ ಛೆ, ಖಂಡಿತ ಹೊಡೆಯಲ್ಲಮ್ಮ" ಎಂದರು. ಆಕೆ ಅತ್ತ ಹೋದದ್ದೇ, ಹೆಂಡತಿ ಚೀಲದಿಂದ ಸುತ್ತಿಗೆ ತೆಗೆದರು.

"ಏನ್ ಮಾಡ್ತಿದೀಯಾ? ಖಾಲಿ ಮಾಡಿಸ್ತಾರೆ ಕಣೇ!"

"ಯಾರು ಮಾಡಿಸ್ತಾರೆ? ಆದೇಶ ಇದೆ. ನಿಮ್ಮ ಮಾತು ನಂಬ್ಕೊಂಡು ಇಷ್ಟು ವರ್ಷ ಬಗ್ಗಿದ್ದು ಸಾಕು. ಸ್ಟೂಲ್ ಹಿಡ್ಕೊಳ್ಳಿ."

ಅವರು ಹಿಡಿದುಕೊಂಡರು. ಮೊಳೆ ಒಳಹೊಕ್ಕಿತು. ಯಜಮಾನರು ಗೋಡೆಯ ಮೇಲೆ ಅಂಗೈಯಾಡಿಸಿ ನೋಡಿದರು, ಎಲ್ಲಿಯೂ ಬಿರುಕಿರಲಿಲ್ಲ. ಅದು ಅವರಿಗೆ ಸಮಾಧಾನ ತಂದಿತೋ, ಇನ್ನಷ್ಟು ನೋವು ತಂದಿತೋ, ಆಕೆ ಕೇಳಲಿಲ್ಲ. ಆಗ ಆಕೆಯ ಕಣ್ಣು ಕನ್ನಡಿಯ ಮೇಲಿತ್ತು. ಮುಂದಿನ ವರ್ಷ ಯಜಮಾನರು ತೀರಿಕೊಂಡರು.

ಅವರು ಬಿಟ್ಟುಹೋದದ್ದು:

ಹೆಸರು ಕೆತ್ತಿಸಿದ್ದ ಅಮೃತಶಿಲೆಯ ಫಲಕ, ಈಗ ಹೊಸ ಮಾಲೀಕನ ಚರಂಡಿಯ ಮುಚ್ಚಳ.
ದೀರ್ಘ ಸೇವೆಗಾಗಿ ಕಾರ್ಖಾನೆ ಕೊಟ್ಟ ಗೋಡೆ ಗಡಿಯಾರ, ಮೊಳೆಯಿಲ್ಲದೆ ಪೆಟ್ಟಿಗೆಯಲ್ಲೇ ಉಳಿದದ್ದು.
ಐದು ಮನೆಗಳ ನಕಲಿ ಬೀಗದ ಕೈಗಳ ಗೊಂಚಲು.
ಅಳಿಯನ ಮೌನ.
ಸುತ್ತಿಗೆ ಒಂದು.
ಪರರ ಗೋಡೆಯಲ್ಲಿ ಮೊಳೆ ಒಂದು, ಅದರ ಕೆಳಗೆ ಕನ್ನಡಿ, ಅದರ ಮುಂದೆ ನೆಟ್ಟಗೆ ನಿಂತು ತಲೆ ಬಾಚಿಕೊಳ್ಳುವ ಹೆಂಡತಿ.